ರಿಂಗ್ ಬಾವಿ: ಆಳ ಎಷ್ಟೆಂದು ಕೇಳಬೇಡಿ, ಏಪ್ರಿಲ್‌ನಲ್ಲಿ ಎಷ್ಟು ಊರುತ್ತದೆ ಎಂದು ಕೇಳಿ

ಬೆಂಗಳೂರಿನಲ್ಲಿ ಮನೆಗೆ ಇನ್ನೊಂದು ನೀರಿನ ದಾರಿ ಬೇಕು ಎಂದಾಗ ಮೊದಲು ಬಾಯಿಗೆ ಬರುವುದು ಬೋರ್. 2024ರ ಬೇಸಿಗೆಯಲ್ಲಿ ಸಾಲು ಸಾಲು ಬೋರ್‌ಗಳು ಬತ್ತಿದ ಮೇಲೆ ತೆರೆದ ಬಾವಿಯ ಮಾತು ಮತ್ತೆ ಎದ್ದಿದೆ. 25ರಿಂದ 40 ಅಡಿ ಅಗೆದು, ಸಿಮೆಂಟ್ ರಿಂಗ್ ಇಳಿಸಿ, ಸಣ್ಣ ಮೋಟಾರ್ ಹಾಕುವ ಬಾವಿ. ತೋಡಿಸಬೇಕೆಂದಿರುವ ಎಲ್ಲರೂ ಕೇಳುವುದು ಒಂದೇ: ಎಷ್ಟು ಅಡಿಗೆ ನೀರು ಸಿಗುತ್ತೆ? ಅದಕ್ಕೆ ಉತ್ತರ ಸಿಕ್ಕರೂ ಕೆಲಸಕ್ಕೆ ಬರುವುದು ಕಡಿಮೆ. ತಿಳಿಯಬೇಕಾದ್ದು ಏಪ್ರಿಲ್ ಕೊನೆಯಲ್ಲಿ ಆ ಬಾವಿ ಗಂಟೆಗೆ ಎಷ್ಟು ಊರುತ್ತದೆ ಎಂಬುದು. ಬಾವಿಯ ಅಗಲ, ತೋಡುವ ತಿಂಗಳು, ಮೋಟಾರಿನ ಅಳತೆ, ಮನೆಯೊಳಗಿನ ಪೈಪು ಎಲ್ಲವನ್ನೂ ಆ ಒಂದು ಅಂಕಿಯೇ ತೀರ್ಮಾನಿಸುತ್ತದೆ.

ಮೊದಲು ಬೇಕಾದ ನೀರಿನ ಲೆಕ್ಕ. ನಗರದ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಮಾನದಂಡ. ಅದರಲ್ಲಿ 45 ಲೀಟರ್ ಬರೀ ಫ್ಲಶ್‌ಗೆ. ನಾಲ್ಕು ಜನರ ಮನೆಗೆ ಫ್ಲಶ್‌ಗೇ 180 ಲೀಟರ್ ಆಯಿತು. ಬಟ್ಟೆ ಒಗೆಯಲು, ನೆಲ ಒರೆಸಲು, ಗಿಡಕ್ಕೆ, ಗಾಡಿ ತೊಳೆಯಲು ಇನ್ನೊಂದು 200 ಲೀಟರ್ ಎನ್ನಿ. ದಿನಕ್ಕೆ 400 ಲೀಟರ್ ಬಾವಿ ಕೊಟ್ಟರೆ ಕಾವೇರಿ ನೀರು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಉಳಿಯುತ್ತದೆ.

ಈಗ ಬಾವಿಯ ಲೆಕ್ಕ. ಒಳಗಿನ ಅಗಲ 3 ಅಡಿಯ ರಿಂಗಿನಲ್ಲಿ ಒಂದು ಅಡಿ ನೀರೆಂದರೆ ಸುಮಾರು 200 ಲೀಟರ್. 4 ಅಡಿ ಅಗಲದ್ದರಲ್ಲಿ 356 ಲೀಟರ್, 5 ಅಡಿಯದರಲ್ಲಿ 556 ಲೀಟರ್. ಹಾಗಾದರೆ 4 ಅಡಿ ಬಾವಿಯಲ್ಲಿ ನೀರು ಗಂಟೆಗೆ ಒಂದೇ ಇಂಚು ಏರಿದರೂ 30 ಲೀಟರ್, ದಿನಕ್ಕೆ 700 ಲೀಟರ್ ಆಯಿತು. ಕಣ್ಣಿಗೆ ಅದು ಗೋಡೆಯ ಬೆವರಿನಂತೆ ಕಾಣುತ್ತದೆ. 'ಒರತೆಯೇ ಇಲ್ಲ, ಮುಚ್ಚಿಬಿಡಿ' ಎಂದು ಕೈಬಿಟ್ಟ ಎಷ್ಟೋ ಬಾವಿಗಳು ಈ ಜಾತಿಯವು. ದಪ್ಪ ಧಾರೆ ನೋಡಿದ ಬೋರ್ ಕಣ್ಣಿನಿಂದ ರಿಂಗ್ ಬಾವಿಯನ್ನು ಅಳೆದರೆ ಆಗುವ ತಪ್ಪು ಇದು.

ಅಗಲ ಹೆಚ್ಚಿಸಿದರೆ ನೀರು ಹೆಚ್ಚು ಊರುತ್ತದೆ ಎನ್ನುವುದು ಇನ್ನೊಂದು ತಪ್ಪು ಕಲ್ಪನೆ. ಅಗಲ ಎರಡರಷ್ಟಾದರೆ ಊರುವ ನೀರು ಹೆಚ್ಚುವುದು ಅಲ್ಪಸ್ವಲ್ಪ. ಹಿಡಿದಿಡುವ ನೀರು ಮಾತ್ರ ನಾಲ್ಕು ಪಟ್ಟಾಗುತ್ತದೆ. ನಿಧಾನ ಊರುವ ಮಣ್ಣಿನಲ್ಲಿ ರಾತ್ರಿಯಿಡೀ ಊರಿದ್ದನ್ನು ಹಿಡಿದಿಡಲು ಜಾಗ ಬೇಕು, ಅದಕ್ಕೇ 4 ಅಡಿ. 3 ಅಡಿಯ ರಿಂಗು ಅಗ್ಗ, ಆದರೆ ನೀರು ಸೇದುವ ಬಾವಿಗೆ ನಾನು ಸೂಚಿಸುವುದಿಲ್ಲ. ಮುಂದೆ ಹೂಳೆತ್ತಲು ಇಳಿದವರಿಗೆ ಅದರೊಳಗೆ ಬಗ್ಗಿ ಏಳಲೂ ಆಗುವುದಿಲ್ಲ.

ಮನೆಯಲ್ಲಿ ಈಗಾಗಲೇ ಇಂಗುಬಾವಿ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ ಇದ್ದವರು ಅದಕ್ಕೇ ಮೋಟಾರ್ ಇಳಿಸಬಹುದಲ್ಲ ಎಂದು ಯೋಚಿಸುತ್ತಾರೆ. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ತೋಡಿದ ಬಹುಪಾಲು ಇಂಗುಬಾವಿಗಳು 3 ಅಡಿ ಅಗಲ, 10ರಿಂದ 20 ಅಡಿ ಆಳದವು. ನೀರಿನ ಮಟ್ಟ ಮುಟ್ಟುವಷ್ಟು ಆಳ ಹೋಗಿರುವುದಿಲ್ಲ. ಜೊತೆಗೆ ನೆಲದ ಮಟ್ಟದಿಂದಲೇ ತೂತುಗಳಿರುವ ರಿಂಗು ಹಾಕಿರುತ್ತಾರೆ, ಮೇಲಿನ ಕೊಳೆ ನೀರು ನೇರ ಒಳಗೆ ಬರುತ್ತದೆ. ಮಳೆಗಾಲದಲ್ಲಿ ತುಂಬಿ ನಿಂತದ್ದು ಕಂಡು ಮೋಟಾರ್ ಹಾಕಿದರೆ ಡಿಸೆಂಬರಿಗೆ ಒಣಗುತ್ತದೆ.

ಜಾಗ

ನಮ್ಮ ಬಯಲುಸೀಮೆಯ ನೆಲ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಕೊಳೆತ ಕಲ್ಲಿನ ಗೊರಚು, ಅದರ ಕೆಳಗೆ ಗಟ್ಟಿ ಬಂಡೆ. ರಿಂಗ್ ಬಾವಿಯ ನೀರು ಇರುವುದು ಗೊರಚಿನಲ್ಲಿ, ಬಂಡೆಯ ಮೇಲೆ. ಆ ಪದರದ ದಪ್ಪ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಲಾಲ್‌ಬಾಗಿನ ಬಂಡೆ ನೆಲದ ಮೇಲೇ ಎದ್ದು ನಿಂತಿದೆ. ಕೆರೆಯಂಗಳದ ತಗ್ಗಿನಲ್ಲಿ 60 ಅಡಿ ಅಗೆದರೂ ಮೆತ್ತಗಿನ ಗೊರಚೇ ಸಿಗುವ ಕಡೆಗಳೂ ಇವೆ.

ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರಿಗೆ ಕೊಡುವ ಹಣ ಉಳಿಸಿ, ಒಂದು ಭಾನುವಾರ ಬಡಾವಣೆ ಸುತ್ತಿ. ಮೊದಲು ನೋಡಬೇಕಾದ್ದು ಬೇಸ್‌ಮೆಂಟ್ ಅಗೆಯುತ್ತಿರುವ ಕಟ್ಟಡ. ಏಪ್ರಿಲ್ ತಿಂಗಳಲ್ಲೂ 15–20 ಅಡಿಯ ಗುಂಡಿಯಿಂದ ಪೈಪಿನಲ್ಲಿ ನೀರು ಚರಂಡಿಗೆ ಬಿಡುತ್ತಿದ್ದರೆ ನಿಮ್ಮ ಕಾಲಡಿ ಮೇಲ್ಪದರದ ನೀರಿದೆ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳೂ ಕಾಣುತ್ತವೆ, ಅಷ್ಟು ಒಳ್ಳೆಯ ನಕ್ಷೆ ಬೇರೆ ಸಿಗದು. ಹಳೆ ಮನೆಯ, ದೇವಸ್ಥಾನದ ಬಾವಿ ಇದ್ದರೆ ಕಲ್ಲು ಕಟ್ಟಿದ ಟೇಪು ಇಳಿಸಿ ನೀರಿನ ಮಟ್ಟ ಅಳೆಯಿರಿ. ಬೇಸಿಗೆಯ ಮಟ್ಟ ಎಲ್ಲಿರುತ್ತದೆ ಎಂದು ಅಲ್ಲಿನವರನ್ನೇ ಕೇಳಿ.

ಸೈಟಿನೊಳಗೆ ಜಾಗ ಆರಿಸುವಾಗ ನೀರಿಗಿಂತ ಕೊಳಕಿನ ದಿಕ್ಕು ನೋಡಿ. ಶೌಚದ ನೀರು ಇಂಗಿಸುವ ಗುಂಡಿ, ಪಿಟ್ಟುಗಳಿಂದ ಕುಡಿಯುವ ನೀರಿನ ಬಾವಿ ಕನಿಷ್ಠ 18 ಮೀಟರ್, ಅಂದರೆ 60 ಅಡಿ ದೂರ ಇರಬೇಕು ಎಂಬುದು ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470ರ ಸೂಚನೆ. 30×40 ಸೈಟಿನ ಉದ್ದವೇ 40 ಅಡಿ. ಪಕ್ಕದ ಮನೆಯವರ ಪಿಟ್ಟು, ರಸ್ತೆಯ ಒಳಚರಂಡಿ ಕೊಳವೆ, ರಾಜಕಾಲುವೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ನಗರದ ಸೈಟಿನಲ್ಲಿ ಈ ದೂರ ಸಿಗುವುದು ಅಪರೂಪ. ಅದಕ್ಕೇ ಇಂಥ ಬಾವಿಯನ್ನು ಕುಡಿಯದ ನೀರಿನ ಮೂಲ ಎಂದುಕೊಂಡೇ ಕೆಲಸ ಶುರು ಮಾಡಬೇಕು. ವಾಸ್ತುವಿನವರು ಈಶಾನ್ಯ ಎನ್ನುತ್ತಾರೆ. ಈಶಾನ್ಯದ ಗೋಡೆಯಾಚೆಯೇ ಪಕ್ಕದವರ ಪಿಟ್ಟಿದ್ದರೆ ವಾಸ್ತುಪುರುಷನೂ ಆ ನೀರಿನಲ್ಲಿ ಕೈ ತೊಳೆಯಲಾರ.

ಮನೆಯ ಪಾಯದಿಂದ ಕನಿಷ್ಠ 5 ಅಡಿ ಬಿಡಿ. ತುಂಬಿದ ಮಣ್ಣಾಗಿದ್ದರೆ ಅಷ್ಟೂ ಸಾಲದು, ಇಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ. ಕಾಂಪೌಂಡ್ ಗೋಡೆಗೆ ಹೆಚ್ಚಾಗಿ ಆಳದ ಪಾಯ ಇರುವುದಿಲ್ಲ ಎಂಬುದನ್ನು ಮರೆಯಬೇಡಿ.

ತೋಡುವ ಕಾಲ

ಫೆಬ್ರವರಿ ಕೊನೆಯಲ್ಲಿ ಶುರು ಮಾಡಿ ಏಪ್ರಿಲ್ ಮುಗಿಯುವುದರೊಳಗೆ ಕೊನೆಯ ಅಡಿ ತೆಗೆಯಬೇಕು. ನೀರಿನ ಮಟ್ಟ ವರ್ಷದಲ್ಲೇ ಕೆಳಗಿರುವ ಹೊತ್ತು ಅದು. ಆಗ ಕಂಡ ನೀರಿನಿಂದ ಇನ್ನೂ 8–10 ಅಡಿ ಕೆಳಗೆ ಹೋದರೆ ಬಾವಿ ವರ್ಷವಿಡೀ ಕೆಲಸ ಮಾಡುತ್ತದೆ. ನವೆಂಬರಿನಲ್ಲಿ ತೋಡಿದರೆ 12 ಅಡಿಗೇ ನೀರು ಸಿಕ್ಕಿತೆಂಬ ಖುಷಿಯಲ್ಲಿ 20ಕ್ಕೆ ನಿಲ್ಲಿಸುತ್ತಾರೆ, ಮಾರ್ಚಿಗೆ ತಳ ಕಾಣುತ್ತದೆ. ಮಾವಿನ ಮಳೆ ಏಪ್ರಿಲ್–ಮೇಯಲ್ಲಿ ದಿಢೀರ್ ಸುರಿಯುವುದರಿಂದ ರಿಂಗು ಇಳಿಯದ ಗುಂಡಿಯನ್ನು ಒಂದು ರಾತ್ರಿಯೂ ಸುಮ್ಮನೆ ಬಿಡಬಾರದು: ಸುತ್ತ ಮಣ್ಣಿನ ಒಡ್ಡು, ಮೇಲೆ ತಗಡು, ಸುತ್ತಲೂ ಬೇಲಿ.

ಕೆಲಸಕ್ಕೆ ಮಣ್ಣು ವಡ್ಡರನ್ನೇ ಕರೆಯಿರಿ. ಬಾವಿ ತೋಡುವುದು ಅವರಿಗೆ ತಲೆಮಾರುಗಳ ಕಸುಬು. ಕಬ್ಬನ್ ಪಾರ್ಕಿನ ಹಳೆ ಬಾವಿಗಳ ಹೂಳೆತ್ತಿ ಮತ್ತೆ ನೀರು ಬರಿಸಿದ್ದೂ ಇವರ ಕೈಗಳೇ. ಹಿಡಿ ಮಣ್ಣು ಉಜ್ಜಿ ನೋಡಿ 'ಇನ್ನು ಮೂರಡಿಗೆ ತೇವ' ಎನ್ನುವವರ ಮಾತಿಗೆ ಬೆಲೆ ಕೊಡಿ. ಕೂಲಿ ಅಡಿ ಲೆಕ್ಕದಲ್ಲಿ. ಆಳ ಹೋದಂತೆ ಅಡಿಯ ದರ ಏರುತ್ತದೆ. ಮಾತಾಡುವಾಗಲೇ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಮಣ್ಣು ಸಾಗಿಸುವವರು ಯಾರು, ನೀರು ಬಂದ ಮೇಲಿನ ಅಡಿಗಳಿಗೆ ದರ ಎಷ್ಟು, ಬಂಡೆ ಬಂದರೆ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ, ರಿಂಗು ಇಳಿಸುವುದು ಕೂಲಿಯಲ್ಲಿ ಸೇರಿದೆಯೇ. ಜಗಳವಾಗುವುದೆಲ್ಲ ಇವುಗಳಲ್ಲೇ.

ಮಣ್ಣು ಸಾಗಿಸುವ ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ. 4 ಅಡಿಯ ರಿಂಗಿಗೆ ತೋಡುವ ಐದೂವರೆ ಅಡಿ ಅಗಲ, 30 ಅಡಿ ಆಳದ ಗುಂಡಿ ಎಂದರೆ 713 ಘನ ಅಡಿ. ಅಗೆದ ಮಣ್ಣು ಉಬ್ಬಿ 900ಕ್ಕೆ ಹೋಗುತ್ತದೆ. ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿಯಂತೆ ಒಂಬತ್ತು ಲೋಡು. ಅದರಲ್ಲಿ ಒಂದು ಲೋಡು ಒಳ್ಳೆಯ ಕೆಂಪು ಜೇಡಿಯನ್ನು ಆರಿಸಿ ಮೂಲೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ರಿಂಗು

4 ಅಡಿ ಒಳ ಅಗಲ, 2 ಇಂಚು ದಪ್ಪ, 1 ಅಡಿ ಎತ್ತರದ ರಿಂಗು ಸುಮಾರು 150 ಕೆಜಿ ತೂಗುತ್ತದೆ. 30 ಅಡಿ ಬಾವಿಗೆ ನೆಲದ ಮೇಲಿನ ಕಟ್ಟೆಗೂ ಸೇರಿಸಿ 33 ರಿಂಗು, ಹತ್ತಿರ ಹತ್ತಿರ 5 ಟನ್. ಅಷ್ಟೂ ಭಾರ ನಿಲ್ಲುವುದು ಕೆಳಗಿನ ರಿಂಗಿನ ಮೇಲೆ. ಕಬ್ಬಿಣ ಹಾಕದ ರಿಂಗುಗಳನ್ನೂ ಮಾರುತ್ತಾರೆ. ಒಡೆದ ರಿಂಗಿನ ಚೂರು ತೋರಿಸಿ ಎಂದು ಅಂಗಡಿಯವರನ್ನೇ ಕೇಳಿ, ಒಳಗೆ ಕಂಬಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ರಿಂಗು ಗಂಟೆಯಂತೆ ಮಿಡಿಯುತ್ತದೆ, ಬಿರುಕಿನದು ಮಡಕೆಯಂತೆ ಮಂಕು ಸದ್ದು ಕೊಡುತ್ತದೆ. ಎರಕ ಹಾಕಿದ ಮೇಲೆ ಕನಿಷ್ಠ 14 ದಿನ ನೀರುಣಿಸದ ರಿಂಗು ಲಾರಿಯಿಂದ ಇಳಿಸುವಾಗಲೇ ಸೀಳುತ್ತದೆ.

ಗಟ್ಟಿ ಕೆಮ್ಮಣ್ಣಿದ್ದರೆ ಪೂರ್ತಿ ತೋಡಿ, ತಳದಿಂದ ಮೇಲಕ್ಕೆ ರಿಂಗು ಕೂರಿಸುವುದು ರೂಢಿ. ನಡುವೆ ಗೂಟ ಹೊಡೆದು ಎರಡಡಿ ಒಂಬತ್ತು ಇಂಚು ದಾರದಲ್ಲಿ ವೃತ್ತ ಎಳೆದರೆ ಐದೂವರೆ ಅಡಿ ಅಗಲ. ರಿಂಗಿನ ಹೊರ ಅಗಲ 4 ಅಡಿ 4 ಇಂಚು, ಹಾಗಾಗಿ ಸುತ್ತ 7 ಇಂಚು ಸಂದು ಉಳಿಯುತ್ತದೆ. ಆ ಸಂದು ಬಾವಿಯ ಜೀವ, ಅದಕ್ಕೆ ಮತ್ತೆ ಬರುತ್ತೇನೆ.

ಮರಳು ಅಥವಾ ತುಂಬಿದ ಮಣ್ಣಾದರೆ ಗುಂಡಿ ನಿಲ್ಲುವುದಿಲ್ಲ. ಆಗ ರಿಂಗನ್ನು ನೆಲದ ಮೇಲೆ ಇಟ್ಟು ಅದರೊಳಗೆ ಕುಳಿತು ಬುಡ ತೋಡುತ್ತಾ ಹೋದರೆ ರಿಂಗು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಮೇಲೆ ಮತ್ತೊಂದು ಇಡಬೇಕು. ಇಲ್ಲಿ ಅಪಾಯ ರಿಂಗು ವಾಲುವುದು. ಪ್ರತಿ ಅರ್ಧ ಅಡಿಗೆ ರಸಮಟ್ಟ ಇಟ್ಟು ನೋಡಿ, ಎತ್ತರ ಉಳಿದ ಕಡೆಯ ಬುಡವನ್ನಷ್ಟೇ ಸಡಿಲಿಸಬೇಕು. ಮೂರ್ನಾಲ್ಕು ಅಡಿ ಇಳಿದ ಮೇಲೆ ವಾಲಿದ್ದನ್ನು ಸರಿಪಡಿಸುವುದು ಬಹಳ ಕಷ್ಟ. ಮೇಲಿನ ಹತ್ತಡಿ ಮಾತ್ರ ಸಡಿಲವಾಗಿದ್ದರೆ ಅಷ್ಟಕ್ಕೆ 6 ಅಡಿಯ ದೊಡ್ಡ ರಿಂಗುಗಳನ್ನು ಇಳಿಸಿ, ಅದರೊಳಗೆ ಐದೂವರೆ ಅಡಿಯ ಗುಂಡಿ ಮುಂದುವರಿಸಿ. ಖರ್ಚು ಹೆಚ್ಚು, ಒಳಗಿರುವವರ ಜೀವ ಅದಕ್ಕಿಂತ ಹೆಚ್ಚು.

ಕರಾವಳಿಯವರಿಗೆ ಈ ತಲೆನೋವೇ ಬೇರೆ ಬಗೆಯದು. ಮೇಲಿನ ಮುರಕಲ್ಲು ರಿಂಗಿಲ್ಲದೆ ನಿಲ್ಲುತ್ತದೆ, ಕೆಳಗಿನ ಶೇಡಿ ಮಣ್ಣು ನೀರು ತಾಗಿದೊಡನೆ ಕುಸಿಯುತ್ತದೆ. ಅಲ್ಲಿ ರಿಂಗು ಬೇಕಾಗುವುದು ತಳಕ್ಕೆ.

ಬಾವಿಯೊಳಗೆ

ಮೆತ್ತಗಿನ ಮಣ್ಣಿನಲ್ಲಿ ಒಂದು ತಂಡ ದಿನಕ್ಕೆ ನಾಲ್ಕೈದು ಅಡಿ ಇಳಿಯುತ್ತದೆ, ಗೊರಚಿನಲ್ಲಿ ಎರಡು. ಒಳಗೆ ಒಬ್ಬರು, ಮೇಲೆ ಯಾವಾಗಲೂ ಇಬ್ಬರು. ಒಳಗಿರುವವರ ಸೊಂಟಕ್ಕೆ ಬೇರೆ ಹಗ್ಗ, ತಲೆಗೆ ಹೆಲ್ಮೆಟ್. ಅಗೆದ ಮಣ್ಣು ಬಾಯಿಯಿಂದ 4 ಅಡಿ ಆಚೆ ಬೀಳಬೇಕು. ರಾಟೆಯ ಹಗ್ಗ, ಬಾಂಡ್ಲಿಯ ಹಿಡಿ ಎರಡನ್ನೂ ದಿನಾ ಬೆಳಿಗ್ಗೆ ಎಳೆದು ನೋಡಬೇಕು. ರಿಂಗು ಚೈನ್ ಪುಲ್ಲಿಯಲ್ಲಿ ಇಳಿಯುವಾಗ ಕೆಳಗೆ ಯಾರೂ ಇರಕೂಡದು.

ಗಾಳಿಯ ವಿಷಯ ಇನ್ನೂ ಗಂಭೀರ. ಹಳೆ ಬಾವಿ, ಮುಚ್ಚಿಟ್ಟ ಬಾವಿ, ಒಳಚರಂಡಿಯ ಹತ್ತಿರದ ಬಾವಿಗಳಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ವಿಷಾನಿಲವೂ ನಿಂತಿರಬಹುದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ: ವಿಷಾನಿಲವಿದ್ದರೂ ದೀಪ ಉರಿಯಬಹುದು, ಉರಿಯುವ ಅನಿಲವಿದ್ದರೆ ಹೊತ್ತಿಕೊಳ್ಳಲೂಬಹುದು. ಬಾಡಿಗೆಗೆ ಗ್ಯಾಸ್ ಮೀಟರ್ ತಂದು ಅಳೆಯುವುದು ಸರಿಯಾದ ದಾರಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯುವ ಮಾತೇ ಇಲ್ಲ. ಬ್ಲೋವರ್‌ನಿಂದ ತಳದವರೆಗೆ ಗಾಳಿ ಊದಿ, ಮತ್ತೆ ಅಳೆದೇ ಇಳಿಯಬೇಕು. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಹೊಗೆ ತುಂಬಿ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಒಬ್ಬರು ಕುಸಿದು ಬಿದ್ದರೆ ಕಾಪಾಡಲು ಇನ್ನೊಬ್ಬರು ಹಾಗೇ ಇಳಿಯಬಾರದು, ಇಂಥ ಕಡೆ ಎರಡನೇ ಸಾವು ಆಗುವುದು ಹಾಗೆಯೇ. ಸೊಂಟದ ಹಗ್ಗ ಇರುವುದು ಮೇಲಿಂದಲೇ ಎಳೆಯಲು.

ನೀರು ಬಂದ ಮೇಲೆ ಕೆಸರು ಪಂಪಿನಿಂದ ತೆಗೆಯುತ್ತಾ ಅಗೆಯಬೇಕಾಗುತ್ತದೆ. ಕರೆಂಟಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಅದಿದ್ದರೂ ಪಂಪು ಓಡುವಾಗ ನೀರಿನಲ್ಲಿ ಜನ ನಿಲ್ಲಬಾರದು. ನೀರು ತೆಗೆದು, ಪಂಪು ಮೇಲೆತ್ತಿ, ಆಮೇಲೆ ಇಳಿದು ಅಗೆಯುವುದು. ನಿಧಾನವೇ, ಇರಲಿ.

ತಳದಲ್ಲಿ ಗಟ್ಟಿ ಗೊರಚಿದ್ದರೆ ಏನೂ ಹಾಕಬೇಕಿಲ್ಲ. ನುಣ್ಣನೆಯ ಮರಳು ಬುಗ್ಗೆಯೇಳುತ್ತಿದ್ದರೆ ಕೆಳಗೆ 3 ಇಂಚು ಒರಟು ಮರಳು, ಅದರ ಮೇಲೆ 3 ಇಂಚು 12 ಎಂಎಂ ಜಲ್ಲಿ, ಮೇಲೆ 40 ಎಂಎಂ ಜಲ್ಲಿ. ನೀರು ಕೆಳಗಿಂದ ಮೇಲಕ್ಕೆ ಬರುವುದರಿಂದ ಸಣ್ಣದು ಕೆಳಗೆ, ದಪ್ಪದ್ದು ಮೇಲೆ. ಮಳೆನೀರಿನ ಫಿಲ್ಟರ್ ಕಟ್ಟಿದ ಅಭ್ಯಾಸದಲ್ಲಿ ತಲೆಕೆಳಗು ಹಾಕಿದರೆ ಮರಳು ಎದ್ದು ಮೋಟಾರಿಗೆ ಸೇರುತ್ತದೆ.

ಈಗ ಆ 7 ಇಂಚಿನ ಸಂದು. ಕೆಳಗಿನ 20 ಅಡಿಯ ರಿಂಗುಗಳ ನಡುವೆ ಗಾರೆ ಹಾಕಬೇಡಿ, ನೀರು ಬರುವುದು ಆ ಬಿರುಕುಗಳಿಂದ. ಹೊರಗಿನ ಸಂದಿಗೆ 20 ಎಂಎಂ ಜಲ್ಲಿ, ಒಂದು ಅಡಿಗೆ 9 ಘನ ಅಡಿಯಂತೆ 180 ಘನ ಅಡಿ ಬೇಕು. ಒಂದೊಂದು ರಿಂಗು ಕೂತ ಹಾಗೆಯೇ ಸುತ್ತಲೂ ಸಮವಾಗಿ ತುಂಬಿಸುತ್ತಾ ಬನ್ನಿ. ಒಂದೇ ಕಡೆಯಿಂದ ಸುರಿದರೆ ರಿಂಗು ಪಕ್ಕಕ್ಕೆ ಜರುಗುತ್ತದೆ. ಜಲ್ಲಿಯ ತಲೆಗೆ ಅರ್ಧ ಅಡಿ ಮರಳು. ಅಲ್ಲಿಂದ ನೆಲದವರೆಗಿನ 10 ಅಡಿಯಲ್ಲಿ ಎಲ್ಲವೂ ತಿರುವುಮುರುವು: ರಿಂಗಿನ ಕೂಡುಗಳಿಗೆ 1:3 ಸಿಮೆಂಟ್ ಗಾರೆ ಒಳಗೂ ಹೊರಗೂ, ಸಂದಿಗೆ ಎತ್ತಿಟ್ಟ ಕೆಂಪು ಜೇಡಿಯನ್ನು ಕಲಸಿ ಅರ್ಧರ್ಧ ಅಡಿಗೆ ದಮ್ಮಸ್ಸು ಮಾಡಿ ತುಂಬುವುದು. ಸುಮಾರು 90 ಘನ ಅಡಿ ಹಿಡಿಸುತ್ತದೆ. ಈ ಜೇಡಿಯ ಕೊರಳಪಟ್ಟಿಯೇ ಬಚ್ಚಲ ನೀರು, ಮಳೆಯ ಕೊಚ್ಚೆ ನೇರ ಬಾವಿಗೆ ಇಳಿಯದಂತೆ ತಡೆಯುವುದು. ಕೆಲಸ ಬೇಗ ಮುಗಿಸುವ ಆತುರದಲ್ಲಿ ಮೇಲಿನವರೆಗೂ ಜಲ್ಲಿಯನ್ನೇ ಸುರಿಯುವುದನ್ನು ಎಲ್ಲೆಡೆ ಕಾಣಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲ ಮಳೆಗೆ ಬಾವಿ ನೀರು ಕೆಂಪಾದಾಗ ಗೊತ್ತಾಗುತ್ತದೆ, ಆಗ ತೆಗೆದು ಹಾಕಲು ಆಗದು.

ನೆಲದ ಮೇಲೆ ಕಟ್ಟೆ 3 ಅಡಿ. ಸುತ್ತ 3 ಅಡಿ ಅಗಲಕ್ಕೆ 4 ಇಂಚಿನ ಕಾಂಕ್ರೀಟ್ ಹಾಸು, ಹೊರಕ್ಕೆ ಇಳಿಜಾರು. ಬಾಯಿಗೆ ಬೀಗ ಹಾಕುವ ಕಬ್ಬಿಣದ ಜಾಲರಿ, ಅದರ ಮೇಲೆ ಸೊಳ್ಳೆ ಪರದೆ. ಮೋಟಾರ್ ಪೈಪು ತೂರಿದ ಸಂದಿನಲ್ಲಿ ಸೊಳ್ಳೆ ನುಗ್ಗುತ್ತದೆ, ಅಲ್ಲಿ ಗಪ್ಪಿ ಮೀನು ಸಹಾಯಕ್ಕೆ ಬರುತ್ತದೆ.

ಊರಿಕೆ ಅಳೆಯುವುದು

ಕೆಸರೆಲ್ಲ ತೆಗೆದು ನೀರು ಎರಡು ದಿನ ನಿಂತ ಮೇಲೆ ಅಳತೆ ಹಗ್ಗ ಇಳಿಸಿ. ತಳದಿಂದ 8 ಅಡಿ ನೀರಿದೆ ಎನ್ನಿ. ಪಂಪಿನಿಂದ 2 ಅಡಿಗೆ ಇಳಿಸಿ, ಪಂಪು ನಿಲ್ಲಿಸಿ, ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ಬರೆದುಕೊಳ್ಳಿ. ಏರಿದ ಅಡಿಗಳನ್ನು 356ರಿಂದ ಗುಣಿಸಿದರೆ ಲೀಟರ್. ಮೊದಲ ಗಂಟೆಗೆ ಒಂದೂಕಾಲು ಅಡಿ, ಅಂದರೆ 445 ಲೀಟರ್ ಏರಿದರೆ ಹಿಗ್ಗಬೇಡಿ. ಮಟ್ಟ ಮೇಲೆ ಬಂದ ಹಾಗೆ ಹೊರಗಿನ ನೀರಿಗೂ ಒಳಗಿನ ನೀರಿಗೂ ಇರುವ ಅಂತರ ಕುಗ್ಗಿ ಊರುವುದು ನಿಧಾನವಾಗುತ್ತದೆ. 12 ಗಂಟೆಗೆ ಒಟ್ಟು ಐದೂವರೆ ಅಡಿ ಏರಿದರೆ 1,958 ಲೀಟರ್. ನಂಬಬೇಕಾದ್ದು ಈ ಅಂಕಿ. ಇದೇ ಕಾರಣಕ್ಕೆ ಬಾವಿ ತುಂಬಲೆಂದು ದಿನವಿಡೀ ಕಾಯುವುದಕ್ಕಿಂತ ಸ್ವಲ್ಪ ಸ್ವಲ್ಪವೇ ಹಲವು ಸಲ ಎತ್ತಿದರೆ ಒಟ್ಟು ನೀರು ಹೆಚ್ಚು ಸಿಗುತ್ತದೆ.

ಮೋಟಾರ್ ಆರಿಸುವಾಗ ಎಲ್ಲರೂ ಎಡವುತ್ತಾರೆ. ಮೇಲೆ ಕೂರಿಸುವ ಸಾಮಾನ್ಯ ಪಂಪು ನೀರು ಹೀರಲಾಗುವುದು ಬೆಂಗಳೂರಿನ ಎತ್ತರದಲ್ಲಿ 20 ಅಡಿಯವರೆಗೆ ಮಾತ್ರ. ನೀರು ಅದಕ್ಕಿಂತ ಕೆಳಗಿಳಿಯುವ ಬಾವಿಗೆ ನೀರೊಳಗೇ ಮುಳುಗಿ ಓಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ಪಂಪು ಬೇಕು. ಅರ್ಧ ಎಚ್‌ಪಿ ಸಾಕು. ಎರಡು ಮಹಡಿ ಮೇಲಿನ ಟ್ಯಾಂಕಿಗೆ ಅದು ಗಂಟೆಗೆ 2,000 ಲೀಟರ್ ಆಸುಪಾಸು ಎತ್ತುತ್ತದೆ, ಬಾವಿ ಊರುವುದಕ್ಕಿಂತ ಹಲವು ಪಟ್ಟು. ಒಂದೂವರೆ ಎಚ್‌ಪಿ ಹಾಕಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ತಳ ಬರಿದಾಗಿ, ಮರಳು ಎಳೆದು, ಒಣ ಓಡಿ ಸೀಲ್ ಸುಡುತ್ತದೆ. ತಳದಿಂದ ಎರಡಡಿ ಮೇಲೆ ಪಂಪು ನೇತುಹಾಕಿ. ಅದರ ಮೇಲೆ ಒಂದಡಿ ನೀರಿರುವಾಗಲೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಇರಲಿ. ನೇತುಹಾಕಲು ನೈಲಾನ್ ಹಗ್ಗ, ಕರೆಂಟ್ ವೈರಿನಲ್ಲಿ ಎತ್ತುವ ಅಭ್ಯಾಸ ಬೇಡ. ಟೈಮರ್ ಹಾಕಿ ಮೂರು ಗಂಟೆಗೊಮ್ಮೆ 5 ನಿಮಿಷ ಓಡಿಸಿದರೆ ದಿನಕ್ಕೆ ಸುಮಾರು 1,300 ಲೀಟರ್, ಮೇಲೆ ಅಳೆದ ಬಾವಿ ಅಷ್ಟನ್ನು ಸಲೀಸಾಗಿ ಕೊಡುತ್ತದೆ.

ಮನೆಯೊಳಗೆ ಈ ನೀರಿಗೆ ಬೇರೆಯೇ ಟ್ಯಾಂಕು, ಬೇರೆಯೇ ಪೈಪು. ಕಾವೇರಿ ಸಂಪಿಗೆ ಬಾವಿ ನೀರು ಬಿಡಬಾರದು. ಎರಡು ಲೈನಿನ ನಡುವೆ 'ಬೇಕಾದಾಗ ತಿರುಗಿಸಲು' ಒಂದು ವಾಲ್ವ್ ಇಡಿಸುವ ಪ್ಲಂಬರನ್ನು ಅಲ್ಲೇ ತಡೆಯಿರಿ. ಆ ವಾಲ್ವ್ ಸೋರಿದ ದಿನ ಕುಡಿಯುವ ನೀರೂ ಕೆಡುತ್ತದೆ. ಬಾವಿ ಟ್ಯಾಂಕಿಗೆ ಕಾವೇರಿ ನೀರು ಬೇಕಾದರೆ ಅದು ಮೇಲಿಂದ, ಗಾಳಿಯ ಅಂತರ ಬಿಟ್ಟು ಸುರಿಯಬೇಕು.

ನೀರಿನ ಗುಣ

ಹೊಸ ಬಾವಿಗೆ 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್. 4 ಅಡಿ ಬಾವಿಯಲ್ಲಿ 8 ಅಡಿ ನೀರಿದ್ದರೆ 2,850 ಲೀಟರ್, ಸುಮಾರು 430 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಬಿಂದಿಗೆ ಇಳಿಸಿ ಎತ್ತಿ ಕಲಕಿ, 24 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ನೀರು ಹೊರಹಾಕಿ. ಆ ನೀರು ಗಿಡಕ್ಕೆ ಬೇಡ. ಆಮೇಲಿನ ವಾಡಿಕೆಯ ಪ್ರಮಾಣ 1,000 ಲೀಟರಿಗೆ ಎರಡೂವರೆ ಗ್ರಾಂ. ತೆರೆದಿಟ್ಟ ಹಳೆ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಸಣ್ಣ ಪೊಟ್ಟಣವನ್ನೇ ಕೊಳ್ಳಿ.

ಇದಾದ ಮೇಲೂ ಕುಡಿಯಲು ಬಳಸುವ ಯೋಚನೆ ಇದ್ದರೆ ಲ್ಯಾಬಿನಲ್ಲಿ ಎರಡು ಅಂಕಿ ಮೊದಲು ನೋಡಿ. 100 ಎಂಎಲ್ ನೀರಿನಲ್ಲಿ ಮಲದಿಂದ ಸೇರುವ ಇ. ಕೊಲೈ ಬ್ಯಾಕ್ಟೀರಿಯಾ ಒಂದೂ ಇರಕೂಡದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು. ಮೊದಲನೆಯದನ್ನು ಕ್ಲೋರಿನ್ ಕೊಲ್ಲುತ್ತದೆ. ಎರಡನೆಯದು ಕ್ಲೋರಿನ್ನಿಗೂ ಕುದಿಸುವುದಕ್ಕೂ ಬಗ್ಗುವುದಿಲ್ಲ, ಕುದಿಸಿದಷ್ಟೂ ಗಾಢವಾಗುತ್ತದೆ. ನಗರದ ಬಾವಿಯಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಹತ್ತಿರದಲ್ಲೆಲ್ಲೋ ಒಳಚರಂಡಿ ಸೋರುತ್ತಿದೆ ಎಂದೇ ಅನುಮಾನಿಸಬೇಕು.

ಚಾವಣಿಯ ಮಳೆನೀರನ್ನು ಇದೇ ಬಾವಿಗೆ ಬಿಡಬಹುದೇ? ಬಿಡಬಹುದು, ಮೊದಲ ಕೊಳೆ ತೆಗೆದು, ಸೋಸಿ. 1,000 ಚದರ ಅಡಿ ಚಾವಣಿಯ ಮೇಲೆ ಮೊದಲ 2 ಎಂಎಂ ಮಳೆ ಎಂದರೆ 186 ಲೀಟರ್, ಅಷ್ಟನ್ನು ಹೊರಗೆ ಹರಿಯಬಿಡುವ ಪೈಪು ಬೇಕು. ಬೆಂಗಳೂರಿನ ವರ್ಷದ ಮಳೆ 970 ಎಂಎಂ ಆಸುಪಾಸು. ಪೋಲಾಗುವುದನ್ನು ಕಳೆದರೂ ಅದೇ ಚಾವಣಿಯಿಂದ 75,000 ಲೀಟರ್ ಬರುತ್ತದೆ. ಅಂಗಳದ ನೀರು, ಗಾಡಿ ನಿಲ್ಲಿಸುವ ಜಾಗದ ನೀರು ಮಾತ್ರ ಬೇಡ. ಜಾಗವಿದ್ದರೆ ಹತ್ತು ಹದಿನೈದು ಅಡಿ ಆಚೆ ಬೇರೆ ಇಂಗುಬಾವಿ ತೋಡಿಸುವುದು ಇನ್ನೂ ಒಳ್ಳೆಯದು, ನಡುವಿನ ಮಣ್ಣೇ ಸೋಸುತ್ತದೆ.

ಮೂವತ್ತಡಿಗೂ ತೇವ ಕಾಣದಿದ್ದರೆ, ಅಥವಾ ಹತ್ತಡಿಗೇ ಹಾಸುಬಂಡೆ ಬಡಿದರೆ ಕೆಲವರು ಬಾವಿಯ ತಳದಲ್ಲಿ ಬೋರ್ ಕೊರೆಸಲು ಹೊರಡುತ್ತಾರೆ. ಕೆಳಗಿನ ಬಂಡೆಬಿರುಕುಗಳನ್ನು ಸುತ್ತಲಿನ ಬೋರ್‌ಗಳು ಈಗಾಗಲೇ ಬರಿದು ಮಾಡಿರುವ ಕಡೆ ಆ ತೂತಿನಿಂದ ನೀರು ಮೇಲೆ ಬರುವುದಿಲ್ಲ. ಮಳೆಗಾಲದಲ್ಲಿ ಬಾವಿಗೆ ಸೇರಿದ್ದೂ ಅದರಲ್ಲೇ ಕೆಳಗೆ ಜಾರುತ್ತದೆ. ಅಂಥ ಗುಂಡಿಯಲ್ಲಿ ಬಂಡೆಯ ಮೇಲೆ ಮಣ್ಣಿನ ಪದರ ದಪ್ಪಗಿದ್ದರೆ ರಿಂಗು ಇಳಿಸಿ, ಚಾವಣಿಯ ಪೈಪು ಕೊಟ್ಟು, ಇಂಗುಬಾವಿಯಾಗಿ ಬಿಡಿ. ಎರಡು ಮಳೆಗಾಲ ಕಳೆದು ಏಪ್ರಿಲ್‌ನಲ್ಲಿ ಹಗ್ಗ ಇಳಿಸಿ ನೋಡಿ. ಮೋಟಾರ್ ಕೊಳ್ಳುವ ಮಾತು ಅದರ ನಂತರ.